ಬನ್ನಿನೊಳಗಿನ ಹಾಲು

ದೊಮ್ಮಲೂರು
೧೨ ಜೂನ್ ೨೦೨೫, ಗುರುವಾರ

ಮುದ್ದಿನ ರಮ್ಯಾಗೆ,

‘ಮುದ್ದಿನ’ ಅನ್ನುವ ಪದ ಈ ಪತ್ರ ಮುಗಿಯುವ ಹೊತ್ತಿಗೆ ಬೇಡವೆನಿಸಿದರೆ ನೀನೇ ಹೊಡೆದುಹಾಕು. ಪೆನ್ನು ಹತ್ತಿರ ಇಟ್ಟುಕೊಂಡೇ ಓದು.

ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನೀನು ಎರಡನೆಯ ಮಾತಿಗೆ ಕಟ್ ಮಾಡುತ್ತೀ, ನಾನು ಮೊದಲನೆಯ ಮಾತಿಗೇ ಸುಳ್ಳು ಹೇಳುತ್ತೇನೆ. ಕಾಗದದ ಮೇಲೆ ಸುಳ್ಳು ಅಷ್ಟು ಸಲೀಸಲ್ಲ, ಬರೆದದ್ದು ನಮ್ಮನ್ನೇ ನೋಡುತ್ತ ಕೂತಿರುತ್ತದೆ. ಹಾಗಂತ ನಾನು ಕಾಗದದ ಮೇಲೆ ಸುಳ್ಳು ಬರೆಯದವಳೇನಲ್ಲ. ಅದಕ್ಕೂ ಬರುತ್ತೇನೆ.

ಮೊದಲು ವಿಷಯ. ಇಂದಿರಾನಗರದ ನಮ್ಮ ಶನಿವಾರದ ಬರ್ಗರ್ ಅಂಗಡಿಯ ಕೌಂಟರಿನ ಸಿದ್ರಾಳನ್ನು ನಿನ್ನ ದೂರಿನ ಮೇಲೆ ಮನೆಗೆ ಕಳಿಸಿದ್ದಾರೆ. ಇಟ್ಟುಕೊಳ್ಳುವುದೋ ತೆಗೆಯುವುದೋ ಸೋಮವಾರ ತೀರ್ಮಾನವಂತೆ. ಹಾಲಿರುವ ಬರ್ಗರನ್ನು ಹಾಲಿಲ್ಲವೆಂದು ಹೇಳಿ ನಾಲ್ಕು ತಿಂಗಳು ತಿನ್ನಿಸಿದಳು ಎಂದು ನೀನು ಮೇಲ್ ಬರೆದೆ, ಜೊತೆಗೆ ನನ್ನ ಹೇಳಿಕೆಯನ್ನೂ ಸೇರಿಸಿದೆ. ರಮ್ಯಾ, ಸಿದ್ರಾ ಸುಳ್ಳು ಹೇಳಿರಲಿಲ್ಲ. ಹೇಳಿದವರು ಯಾರೆಂದು ತಿಳಿಸಲಿಕ್ಕೆ ಈ ಪತ್ರ.

ನವೆಂಬರಿನಿಂದಲೇ ಶುರು ಮಾಡಬೇಕು. ಅಜ್ಜಿ ಹೋದ ಮೂರನೆಯ ದಿನ ಮನೆಯವರೆಲ್ಲ ಸಾಲಾಗಿ ನಿಂತು ಸಮಾಧಿಗೆ ಹಾಲುತುಪ್ಪ ಬಿಡುತ್ತಿದ್ದೆವು. ನಿನ್ನ ಸರದಿ ಬಂತು. ನೀನು ಬ್ಯಾಗಿನಿಂದ ಎಳನೀರು ತೆಗೆದೆ. “ನಾನು ಇದನ್ನ ಬಿಡ್ತೀನಿ, ಹಾಲು ಮುಟ್ಟಲ್ಲ” ಅಂದೆ. ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದೀ ಎಂದು ನಮಗೆ ಗೊತ್ತಿತ್ತು. ಸ್ಮಶಾನದಲ್ಲೂ ಬಿಟ್ಟಿರುತ್ತೀ ಎಂದು ಗೊತ್ತಿರಲಿಲ್ಲ. ನಿನ್ನ ದೊಡ್ಡ ಮಾವ ಮುನಿಆಂಜನಪ್ಪ ಊರಿಗೆಲ್ಲ ಕೇಳುವ ಹಾಗೆ ಅಂದ: “ಏನಮ್ಮಣ್ಣಿ ಸುಕನ್ಯ, ನಮ್ಮಮ್ಮ ಹಾಲು ಮಾರಿ ನಿನ್ನ ಬಿ.ಎ. ಓದಿಸಿದ್ದು ಇಂಥ ಮಗಳನ್ನ ಸಾಕಲಿ ಅಂತಾನಾ?” ಅವನಿಗೆ ಹೊಡೆಯಲಾಗುವುದಿಲ್ಲ, ಅಣ್ಣ. ನಿನಗೆ ಹೊಡೆದೆ.

ನೀನು ಕಮ್ಮನಹಳ್ಳಿಯ ಪಿ.ಜಿ.ಗೆ ಹೋದೆ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದೆ: “ಅಜ್ಜಿಯ ಎಮ್ಮೆಗೆ ಹುಟ್ಟಿದ ಗಂಡುಕರುಗಳು ಏನಾಗ್ತಿದ್ವು ಅಮ್ಮಾ?” ನಾನು ಉತ್ತರ ಕೊಡಲಿಲ್ಲ. ಗೊತ್ತಿಲ್ಲದೆ ಅಲ್ಲ. ಈಗ ಫ್ಲೈಓವರ್ ಇಳಿಯುವ ಜಾಗದಲ್ಲಿ ನಮ್ಮ ಕೊಟ್ಟಿಗೆ ಇತ್ತು. ಕರುಗಳನ್ನು ಕಸಾಯಿಖಾನೆಗೆ ಹಿಡಿದುಕೊಂಡು ಹೋಗಲು ಯಾರು ಬರುತ್ತಿದ್ದರು, ಆಮೇಲೆ ಎರಡು ದಿನ ಎಮ್ಮೆ ಹೇಗೆ ಕೂಗುತ್ತಿತ್ತು, ಎಲ್ಲ ಗೊತ್ತು. ಆ ಕೂಗು ಕೇಳುತ್ತಲೇ ನಾನು ಹಾಲಿನ ಕ್ಯಾನು ಹಿಡಿದು ಕ್ವಾರ್ಟರ್ಸಿನ ಮನೆಮನೆಗೆ ಹೋಗುತ್ತಿದ್ದೆ, ಬಂದು ಪರೀಕ್ಷೆಗೆ ಓದುತ್ತಿದ್ದೆ. ಪಾಸಾದದ್ದು ಹಾಲಿನಲ್ಲಿ, ಫೇಲಾದದ್ದು ಮಗಳ ಪಾಲಿನಲ್ಲಿ. ಪ್ರಾಸಕ್ಕೆ ಮುಖ ಸಿಂಡರಿಸಬೇಡ. ಬೇರೆ ಯಾವ ಆಸ್ತಿಯನ್ನೂ ಆ ಡಿಗ್ರಿ ನನಗೆ ಕೊಡಲಿಲ್ಲ.

ಜನವರಿಯಲ್ಲಿ ನಿನ್ನ ಮೆಸೇಜು ಬಂತು. ಮನೆಗೆ ಬರಲ್ಲ, ಹೊರಗೆಲ್ಲಾದರೂ ಸಿಗೋಣ, ಶನಿವಾರ. ಎಲ್ಲಿ ಸಿಗುವುದು? ನಿನ್ನ ಪಿ.ಜಿ.ಯ ಗೇಟಿನಿಂದ ಒಳಗೆ ಅಮ್ಮಂದಿರಿಗೂ ಪ್ರವೇಶವಿಲ್ಲ. ಇಡ್ಲಿ ಹೋಟೆಲಿಗೆ ಹೋದರೆ ನಿನಗೆ ತಿನ್ನಲು ಸಿಗುತ್ತದೆ ನಿಜ, ಆದರೆ ಅಲ್ಲಿ ನಿಂತು ತಿಂದು ಕೈ ತೊಳೆದರೆ ಹತ್ತು ನಿಮಿಷಕ್ಕೆ ಭೇಟಿ ಮುಗಿಯಿತು. ಸಾಲದ್ದಕ್ಕೆ ಪ್ರತಿ ಟೇಬಲಿನಲ್ಲೂ ನಮ್ಮ ಕಡೆಯವರೊಬ್ಬರು ನಿಂತಿರುತ್ತಾರೆ. ಒಂದು ಕೊಂಡು ಎರಡು ಗಂಟೆ ಕೂತರೂ ಯಾರೂ ಎಬ್ಬಿಸದ ಜಾಗ ಅಂದರೆ ಈ ಬರ್ಗರ್, ಪಿಜ್ಜಾದ ಕಂಪನಿ ಅಂಗಡಿಗಳೇ. ಹಾಗಾಗಿ ನಾನು, ಕನ್ನಡ ಮೀಡಿಯಂ ಸುಕನ್ಯ, ನೂರಡಿ ರಸ್ತೆಯಲ್ಲಿ ವೀಗನ್, ಅಂದರೆ ಹಾಲು ಮೊಟ್ಟೆ ಯಾವುದೂ ಸೇರದ ತಿಂಡಿ, ಹುಡುಕಲು ಹೊರಟೆ.

ನಿನಗೆ ಇದನ್ನೆಲ್ಲ ಹೇಳಿರಲಿಲ್ಲ. ನೀನು ಕೆಲಸದಲ್ಲಿರುವ ದಿನಗಳಲ್ಲಿ ಒಬ್ಬಳೇ ಹೋಗಿ ಒಂದೊಂದೇ ಅಂಗಡಿಯಲ್ಲಿ ವಿಚಾರಿಸುತ್ತಿದ್ದೆ. ಮೊದಲ ಅಂಗಡಿಯವನು, “ವೀಗನ್ ಅಂದ್ರೆ ವೆಜ್ಜೇ ಮೇಡಂ. ಜೈನ್ ಬೇಕಾ? ಈರುಳ್ಳಿ ತೆಗೆಸ್ತೀನಿ” ಅಂದ. ಪಿಜ್ಜಾದವನಿಗೆ ಚೀಸ್ ಬೇಡಪ್ಪ ಅಂದರೆ, “ಚೀಸ್ ಇಲ್ದೆ ಕೊಟ್ರೆ ಅದು ರೊಟ್ಟಿ ಮೇಡಂ, ಮನೇಲೇ ಮಾಡ್ಕೊಬೋದಲ್ಲ” ಎಂದು ಬುದ್ಧಿ ಹೇಳಿದ. ಕೋಳಿ ಕರಿಯುವ ಅಂಗಡಿಯಲ್ಲಿ ಆಲೂಗಡ್ಡೆಗೆ ಬೇರೆ ಎಣ್ಣೆಯಾ ಅಂತ ಕೇಳಿದ್ದಕ್ಕೆ ಒಳಗಿನಿಂದ ಇಬ್ಬರು ಬಂದು ನನ್ನ ಮುಖ ನೋಡಿ ಹೋದರು. ಪೊಟ್ಟಣದ ಹಸಿರು ಚುಕ್ಕಿ ಕಂಡು ಹಿಗ್ಗಿದೆ, ಹಿಂದಿನ ಪಟ್ಟಿ ಓದಿ ಕುಗ್ಗಿದೆ. ಬನ್ನಿಗೆ ಬೆಣ್ಣೆ, ಸಾಸಿಗೆ ಮೊಟ್ಟೆ, ನಡುವೆ ನನ್ನ ಮಗಳ ಖಾಲಿ ಹೊಟ್ಟೆ.

ಸಿದ್ರಾ ಒಬ್ಬಳೇ ಪೂರ್ತಿ ಕೇಳಿಸಿಕೊಂಡವಳು. ಒಳಗೆ ಹೋಗಿ ಇಂಗ್ಲಿಷಿನ ದೊಡ್ಡ ಪಟ್ಟಿ ತಂದಳು. ಹಿಂದೆ ಕ್ಯೂ ಇತ್ತು, ಆದರೂ ಬೆರಳಿಟ್ಟು ಸಾಲುಸಾಲು ಓದಿ ಹೇಳಿದಳು: “ನೋಡಿ ಆಂಟಿ, ಈ ಮೊಟ್ಟೆ ಸಾಸು, ಮೇಯೋ, ತೆಗೆಸ್ಬೋದು, ಒಳಗಿನ ಪ್ಯಾಟಿಲಿ, ಅಂದ್ರೆ ವಡೆಲಿ, ಏನಿಲ್ಲ, ಆದ್ರೆ ಬನ್‌ನಲ್ಲೇ ಹಾಲಿನ ಪುಡಿ ಹಾಕಿರ್ತಾರೆ. ಮಗಳಿಗೆ ಬನ್ ಬೇಡ. ಫ್ರೈಸ್ ಕೊಡಿ, ಬ್ಲ್ಯಾಕ್ ಕಾಫಿ ಕೊಡಿ, ಬೇಕಂದ್ರೆ ಪ್ಯಾಟಿ ಮಾತ್ರ ಎಲೆಕೋಸಲ್ಲಿ ಸುತ್ತಿ ಕೊಡ್ತೀನಿ.”

ನನಗೆ ಇಂಗ್ಲಿಷ್ ಸರಿಯಾಗಿ ತಿಳಿಯಲಿಲ್ಲ ಎಂದು ಇಲ್ಲಿ ಬರೆಯಬೇಕೆಂದಿದ್ದೆ. ಒಮ್ಮೆ ಬರೆದು ಆ ಹಾಳೆ ಬಿಸಾಕಿದೆ. ಅವಳು ಹೇಳಿದ್ದು ಕನ್ನಡದಲ್ಲಿ.

ಮೊದಲ ಎರಡು ಶನಿವಾರ ಫ್ರೈಸ್ ತಂದಿಟ್ಟೆ. ನೀನು ಆಲೂಗಡ್ಡೆ ಕಡ್ಡಿಗಳನ್ನು ಒಂದೊಂದಾಗಿ ಮುಗಿಸಿ, ಕೊನೆಯದಾದ ಕೂಡಲೇ ಎದ್ದು, “ಬರ್ತೀನಿ” ಎಂದು ಹೊರಟೆ. ಇಪ್ಪತ್ತು ನಿಮಿಷ. ಮೂರನೆಯ ಶನಿವಾರ ನೀನು ಟೇಬಲ್ ಹಿಡಿದು ಕೂತಿದ್ದೆ, ನಾನು ಕೌಂಟರಿಗೆ ಹೋಗಿ ಬರ್ಗರ್ ಕೇಳಿದೆ, ಮೇಯೋ ಬೇಡ ಅಂದೆ. ಸಿದ್ರಾ ಕೇಳಿದಳು: “ಬನ್ ಇದೆ ಆಂಟಿ, ಮಗಳು ತಿಂತಾರಾ?” ನಾನಂದೆ: “ಇದು ನನಗೆ. ಅವಳಿಗೆ ಫ್ರೈಸು.” ಆಮೇಲೆ ಟ್ರೇ ತಂದು ಬರ್ಗರನ್ನು ನಿನ್ನ ಮುಂದಿಟ್ಟು, ಇದರಲ್ಲಿ ಏನೂ ಇಲ್ಲ, ಎಲ್ಲ ವಿಚಾರಿಸಿದೆ ಅಂದೆ.

ನೀನು ತಲೆ ಎತ್ತಿ ನೋಡಿದೆ. “ನಿಜವಾಗ್ಲೂ ನನಗೋಸ್ಕರ ಹೋಗಿ ಕೇಳಿದ್ಯಾ ಅಮ್ಮಾ?” ಅಂದೆ. ಆವತ್ತು ಎರಡೂವರೆ ಗಂಟೆ ಕೂತೆ. ಬಾಲ ತುಂಡಾದ ನಾಯಿಯ ಕಥೆ ಹೇಳಿದೆ, ನಿನ್ನ ರೂಮಿನವಳ ಗೊರಕೆ ಮಾಡಿ ತೋರಿಸಿದೆ, ಹೋಗುವಾಗ ನನ್ನ ಸೆರಗಿನಲ್ಲಿ ಕೈ ಒರೆಸಿದೆ. ನವೆಂಬರಿನಿಂದ ಆವರೆಗೆ ನೀನು ನನ್ನನ್ನು ಮುಟ್ಟಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಪ್ರೀತಿಯ ಕಥೆಯಾಗುತ್ತದೆ, ನನಗೂ ಅನುಕೂಲ. ಆದರೆ ಪೂರ್ತಿ ನಿಜ ಅದಲ್ಲ. ನೀನು ಮೊದಲ ತುತ್ತು ಕಚ್ಚಿದಾಗ ನನಗೆ ಆದದ್ದು ಸಮಾಧಾನವಲ್ಲ, ಗೆದ್ದೆ ಅನ್ನಿಸಿತು. ನೀನು ಅಜ್ಜಿಗೆ ಬಿಡಲೊಲ್ಲದ ಹಾಲನ್ನು ನಾನು ನಿನ್ನೊಳಗೆ ಬಿಡುತ್ತಿದ್ದೇನೆ ಅನ್ನಿಸಿತು. ಹಿಂದಿನಿಂದ ಮುನಿಆಂಜನಪ್ಪ ನೋಡುತ್ತಿದ್ದಾನೇನೋ ಎಂಬಂತೆ ನೆಟ್ಟಗೆ ಕೂತಿದ್ದೆ. ಪ್ರತಿ ಶನಿವಾರವೂ ಹಾಗೆಯೇ. ನೀನು ನಗುತ್ತ ತಿನ್ನುತ್ತಿದ್ದೆ, ನಾನು ಒಳಗೊಳಗೇ ನಮ್ಮಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಸ್ಮಶಾನದಲ್ಲಿ ಹೊಡೆದ ಏಟು ಎಲ್ಲರಿಗೂ ಕಂಡಿತು. ಈ ಏಟು ಯಾರಿಗೂ ಕಾಣಲಿಲ್ಲ, ನಿನಗೂ.

ಮುಂದಿನದು ನಿನಗೆ ಗೊತ್ತು, ಆದರೆ ನೀನು ನಿಂತ ಜಾಗದಿಂದ ಮಾತ್ರ ಗೊತ್ತು. ಅದೇ ಕಂಪನಿಯ ಕಮ್ಮನಹಳ್ಳಿ ಅಂಗಡಿಗೆ ನೀನು ಗೆಳತಿಯ ಜೊತೆ ಹೋದೆ. ಬನ್ನಿನಲ್ಲಿ ಹಾಲಿದೆ ಎಂದು ಅಲ್ಲಿಯವರು ಹೇಳಿದರು. ಮೇ ಕೊನೆಯ ಶನಿವಾರ ಇಂದಿರಾನಗರದಲ್ಲಿ ನೀನು ಸಿದ್ರಾಳ ಎದುರು ನಿಂತು ಕೂಗಿದೆ. ನಾನು ಪಕ್ಕದಲ್ಲಿದ್ದೆ. ನನ್ನ ಕಡೆ ತಿರುಗಿ, “ಅಮ್ಮಾ, ಇವ್ರು ನಿಂಗೆ ಏನಂದ್ರು? ಹಾಲಿದೆ ಅಂದ್ರಾ, ಇಲ್ಲ ಅಂದ್ರಾ?” ಎಂದು ಕೇಳಿದೆ. ಕ್ಯೂನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. “ಇಲ್ಲ ಅಂದ್ರು” ಅಂದೆ. ಸಿದ್ರಾ ವಾದ ಮಾಡಲಿಲ್ಲ. “ಆಂಟಿ?” ಅಂದಳು ಅಷ್ಟೆ. ನಿನಗೆ ಅದು ಕೇಳಿಸಲಿಲ್ಲ, ಆಗಲೇ ಮ್ಯಾನೇಜರನ್ನು ಕರೆಯುತ್ತಿದ್ದೆ.

ಮಾರನೆಯ ದಿನ ನೀನು ಫೋನಿನಲ್ಲಿ ಹೇಳಿಕೆ ಕೇಳಿದೆ. ಆಗಲೂ ಹೇಳಬಹುದಿತ್ತು. ನಾನು ಅಡುಗೆಮನೆ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯಲು ಕೂತೆ. ಸರಾಗವಾಗಿ ಬಂತು. “ನಂಬಿಕೆಗೆ ನೀರೆರೆದವರೇ ಬೇರಿಗೆ ಬಿಸಿನೀರು ಸುರಿದರು” ಎಂಬ ಸಾಲು ಹೊಳೆದಾಗ ಖುಷಿಯಾಗಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ನಿಮ್ಮಪ್ಪ ಒಳಗಿನಿಂದ, “ಯಾರಿಗೇ ಅದು, ಸನ್ಮಾನ ಪತ್ರಾನಾ?” ಅಂದರು. ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕುವ ಹಾಳೆಯಲ್ಲಿ ನಾನು ಅಕ್ಷರ ಚಂದ ಕೂರಿಸುತ್ತಿದ್ದೆ.

ಕಳೆದ ಶನಿವಾರ ಬೇರೆ ಅಂಗಡಿಯಲ್ಲಿ ಸಿಗೋಣ ಅಂದೆ ನೀನು. ತಲೆನೋವೆಂದು ತಪ್ಪಿಸಿಕೊಂಡೆ. ಸೋಮವಾರ ಒಬ್ಬಳೇ ಹೋಗಿ ನೋಡಿದರೆ ಕೌಂಟರಿನಲ್ಲಿ ಸಿದ್ರಾ ಇರಲಿಲ್ಲ. ಶಿವಾಜಿನಗರದಲ್ಲಿ ಅವಳ ಅಪ್ಪ ಅಕ್ತರ್ ಅವರ ಹೊಲಿಗೆ ಅಂಗಡಿ, ಮನೆ ಅದರ ಮೇಲೆಯೇ ಎಂದು ಅವಳೇ ಯಾವತ್ತೋ ಹೇಳಿದ್ದಳು. ಮಂಗಳವಾರ ಹುಡುಕಿಕೊಂಡು ಹೋದೆ. ಬಯ್ಯುತ್ತಾಳೆ ಎಂದುಕೊಂಡು ಹೋಗಿದ್ದೆ. ಕುರ್ಚಿ ಕೊಟ್ಟಳು. ಟೀ ತಂದಿಟ್ಟು, “ಹಾಲು ಹಾಕಿದೆ ಆಂಟಿ. ನೀವು ಕುಡೀತೀರಲ್ಲ? ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಸಿದ್ರಾ ಹೇಳ್ಲಿಲ್ಲ ಅನ್ಬೇಡಿ” ಅಂದಳು. ಕುಡಿದೆ. ಆ ಟೀಯಷ್ಟು ಕಹಿಯಾದ ಸಕ್ಕರೆ ನಾನು ಕಂಡಿಲ್ಲ.

ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದಳು. ನಿನಗೆ ಈಗ ಬರೆದದ್ದನ್ನೆಲ್ಲ ಹೇಳಿದೆ, ಸ್ಮಶಾನದಿಂದ ಹಿಡಿದು. ಅವಳು, “ನಿಮ್ ಮನೆ ಜಗಳದಲ್ಲಿ ನನ್ನ ಯಾಕೆ ಹೂತ್ರಿ ಆಂಟಿ?” ಅಂದಳು. ಮ್ಯಾನೇಜರ್ ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿಕೊಂಡು ಎದ್ದೆ.

ನಿನ್ನೆ ಮ್ಯಾನೇಜರನ್ನು ಕಂಡು, ನನ್ನ ಹೇಳಿಕೆ ಸುಳ್ಳೆಂದು ಬರೆದು ಸಹಿ ಮಾಡಿ ಕೊಟ್ಟೆ. ಅಷ್ಟು ಸಾಲದಂತೆ. ದೂರು ನಿನ್ನದು, ನೀನೇ ವಾಪಸು ತೆಗೆದುಕೊಂಡು ಮೇಲ್ ಕಳಿಸಬೇಕಂತೆ. ಆದ್ದರಿಂದ ಕೇಳುತ್ತಿದ್ದೇನೆ, ಸೋಮವಾರದೊಳಗೆ ಕಳಿಸು. ಕಾರಣ ಎಂಬಲ್ಲಿ ನನ್ನ ಹೆಸರು ಬರೆ. ತಾಯಿ ಎಂದೂ ಬರೆ, ಮರೆಮಾಚಬೇಡ. ಆಮೇಲೆ ಒಂದು ಸಲ ಸಿದ್ರಾಳನ್ನು ನೋಡಿ ಬಾ. ನೀನು ಕೂಗಿದ್ದು ಅವಳ ಮೇಲೆ, ಅದನ್ನು ನನ್ನ ಖಾತೆಗೆ ಪೂರ್ತಿ ಹಾಕಲು ಬರುವುದಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನಿನ್ನ ತಲೆಗೆ ಇನ್ನೊಂದು ಕೆಲಸ ಕಟ್ಟಿದಂತೆ. ನಿನಗೆ ಯಾವುದು ಪಾಪವೋ ಅದನ್ನು ನಿನ್ನ ಬಾಯಿಯಿಂದಲೇ, ನಗುನಗುತ್ತ ಮಾಡಿಸಿದೆ. ಎಮ್ಮೆಯ ಕರುಗಳ ವಿಷಯ ನೀನು ಕೇಳಿದ್ದೆಯಲ್ಲ, ಅದಕ್ಕೆ ಮೇಲೆ ಬರೆದಿರುವುದೇ ನನ್ನ ಉತ್ತರ. ತಡವಾಗಿ ಕೊಟ್ಟೆ.

ಈ ಶನಿವಾರ ನಾನು ಬರುವುದಿಲ್ಲ. ಮುಂದಿನ ಶನಿವಾರ ಕರೆಯುವುದು ಬಿಡುವುದು ನಿನಗೆ ಸೇರಿದ್ದು. ಕರೆದರೆ ಆರ್ಡರ್ ನೀನೇ ಮಾಡು, ನಾನು ಟೇಬಲ್ ಹಿಡಿದು ಕೂತಿರುತ್ತೇನೆ.

ಇಷ್ಟನ್ನು ಬರೆಯಲು ನಾಲ್ಕು ತಿಂಗಳು ತೆಗೆದುಕೊಂಡ,
ನಿನ್ನ ಅಮ್ಮ
ಸುಕನ್ಯ

ತಾ.ಕ.: ಒಂದು ವಿಷಯ ಮೇಲೆ ಬರೆಯಲಿಲ್ಲ. ಆ ಮ್ಯಾನೇಜರ್ ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿ ಮರುಗಿದ. “ಮಗಳಿಗೆ ಇದೆಲ್ಲ ಯಾಕೆ ಹೇಳ್ತೀರಿ ಮೇಡಂ? ಪಟ್ಟಿಲಿ ಪ್ರಿಂಟಿಂಗ್ ಮಿಸ್ಟೇಕ್ ಇತ್ತು, ಯಾರ ತಪ್ಪೂ ಅಲ್ಲ ಅಂದ್ಬಿಡಿ. ಅವರು ದೂರು ವಾಪಸ್ ತಗೋತಾರೆ, ಸಿದ್ರಾನೂ ಕೆಲಸಕ್ಕೆ ಬರ್ತಾಳೆ” ಎಂದು ಹಾಗೆಯೇ ಒಂದು ಹಾಳೆ ಟೈಪ್ ಮಾಡಿಸಿ ಕೊಟ್ಟ. ನಾನು ಬೇಡ ಅನ್ನಲಿಲ್ಲ, ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ. ಅದನ್ನು ತೋರಿಸಿದ್ದರೆ ನೀನು ಖಂಡಿತ ನಂಬುತ್ತಿದ್ದೆ, ಶನಿವಾರಗಳು ಉಳಿಯುತ್ತಿದ್ದವು. ನಾನೂ ಇನ್ನೊಂದು ಅಂಗಡಿಯಲ್ಲಿ ಇನ್ನೊಂದು ಬನ್ನು ಹುಡುಕುತ್ತಿದ್ದೆ. ಅಷ್ಟು ನನ್ನನ್ನು ನಾನು ಬಲ್ಲೆ. ಆ ಹಾಳೆ ಈಗಲೂ ಬ್ಯಾಗಿನಲ್ಲೇ ಇದೆ. ಈ ಪತ್ರ ನಿನ್ನ ಪಿ.ಜಿ. ವಾಚ್‌ಮನ್ ಕೈ ಸೇರುವ ತನಕ ಅದನ್ನು ಹರಿಯುವ ಧೈರ್ಯವಿಲ್ಲ.