ಡಬ್ಬ ಬಡಿಯುವವರಿಲ್ಲದ ಚಳಿಗಾಲ

ಗಂಗಕ್ಕಾ,

ಹೇಗಿದ್ದೀಯಾ ಅಂತ ಕೇಳುವ ಹಾಗಿಲ್ಲ. ಅಲ್ಲಿ ಚಳಿಯಂತೂ ಇರಲಾರದು. ಇಲ್ಲಿ ಬೆಳಗ್ಗೆ ಕೈ ಸೆಟೆದು ಕಡ್ಡಿ ಗೀರಲೂ ಆಗುವುದಿಲ್ಲ. ಮಡಿಕೇರಿ ಬಸ್ಸು ಹತ್ತು ಗಂಟೆಗೂ ಹೆಡ್‌ಲೈಟ್ ಹಾಕಿಕೊಂಡೇ ಬರುತ್ತದೆ. ಇಂಥ ಮಂಜಿನಲ್ಲಿ ಕಾಫಿ ಒಣಗುವುದು ಯಾವಾಗ, ಹೇಳು?

ಮೊದಲ ಸಲ ಜನವರಿಯಲ್ಲಿ ಮಳೆ ಸುರಿದು ಊರಿನ ಕಾಫಿಯೆಲ್ಲ ಕಣದಲ್ಲೇ ನೆನೆದ ವರ್ಷ ನೆನಪಿದೆಯಾ? ಚಳಿಗಾಲದಲ್ಲೂ ಹೀಗೆ ಹೊಡೆದೀತು ಅಂತ ಯಾರಿಗೆ ಗೊತ್ತಿತ್ತು! ಮರುದಿನವೇ ನೀನು ಹಳೆಯ ಸೀಮೆಎಣ್ಣೆ ಡಬ್ಬವನ್ನು ಜಗಲಿಯಲ್ಲಿ ನೇತುಹಾಕಿದೆ. ಗುಡ್ಡದ ನೆತ್ತಿಯ ಮನೆ ನಿನ್ನದು, ಮೋಡ ಮೊದಲು ಕಾಣುತ್ತಿದ್ದುದು ನಿನಗೇ. ನೀನು ಬಡಿದರೆ ಸಾಕು, ಎಲ್ಲರೂ ಟಾರ್ಪಾಲು ಹೊತ್ತು ಓಡಿ ಬಂದು ಮೊದಲು ನಿನ್ನ ಕಣ ಮುಚ್ಚುತ್ತಿದ್ದೆವು. ಒಂಟಿ ಜೀವ ಅಂತ ಊರೇ ಮಾಡಿಕೊಂಡ ಪದ್ಧತಿ ಅದು. "ಏಯ್ ಸರೋಜಾ, ಮೋಡ ನೋಡ್ತಾ ನಿಂತ್ಯೆಂತ ಮಾರಾಯ್ತಿ, ತುದಿ ಹಿಡಿ!" ಅಂತ ನನ್ನನ್ನೇ ಬೈಯುತ್ತಿದ್ದೆ. ಆಮೇಲೆ ಒಂದೊಂದೇ ಮನೆಯ ಕಣ ಮುಚ್ಚುತ್ತ ಇಳಿಯುತ್ತಿದ್ದೆವು.

ಈ ಸಲ ಕಾಫಿ ಹರಡಿದ ವಾರವೇ ಗುಡ್ಡದ ಹಿಂದೆ ಕಪ್ಪಿಟ್ಟಿತು. ನನಗೂ ಕಂಡಿತು, ಕೆಳಮನೆಯ ದೇವಮ್ಮನಿಗೂ ಕಂಡಿತಂತೆ. ಆದರೆ ಡಬ್ಬದ ಸದ್ದಿಲ್ಲವಲ್ಲ! ಇನ್ನೂ ಹೊತ್ತಿದೆ ಅಂದುಕೊಂಡು ಎಲ್ಲರೂ ಅವರವರ ಕೆಲಸದಲ್ಲೇ ಇದ್ದೆವು. ಆಷಾಢದಲ್ಲಿ ನಿನಗೆ ಮಣ್ಣು ಹಾಕಿ ಬಂದವರೇ ನಾವು, ಆದರೂ... ಮಳೆ ಸುರಿದು ಕಣದಲ್ಲೇ ನೆನೆದ ಕಾಫಿಗೆ ಬೂಷ್ಟು ಬಂತು. "ಯಾರಿಗೆ ಕಾಯ್ತಿದ್ವಿ ಸರೋಜಕ್ಕ ನಾವು?" ಅಂತ ದೇವಮ್ಮ ಅತ್ತೇಬಿಟ್ಟಳು. ಉಳಿದ ಕೊಯ್ಲೂ ಹೀಗೇ ಹೋದರೆ ವರ್ಷವಿಡೀ ಉಣ್ಣುವುದೇನು?

ನೀನಿಲ್ಲದ ಅಂಗಳಕ್ಕೆ ಕಾಲಿಡಲು ನನಗೆ ಮನಸ್ಸಿರಲಿಲ್ಲ. ಸಂಜೆ ಹೊತ್ತು ಎರಡು ಮಾತಾಡಲು ಈಗ ನನಗೆ ಯಾರಿದ್ದಾರೆ? ಟಿವಿ ಹಚ್ಚಿಟ್ಟು ಒಬ್ಬಳೇ ಕೂರುತ್ತೇನೆ. ಆದರೂ ಎರಡನೇ ಕೊಯ್ಲು ಹರಡಿದ ಮೇಲೆ ದಿನಾ ಹತ್ತಿ ಬಂದು ನಿನ್ನ ಜಗಲಿಯಲ್ಲಿ ಕಾದೆ. ನಿನ್ನ ತೋಟದ ಫಸಲನ್ನು ನಿನ್ನ ತಮ್ಮ ಕೊಯ್ಯುವ ಮೊದಲೇ, ಗಿಡದಲ್ಲೇ ಮಾರಿದ್ದಾನೆ, ಕಣ ಖಾಲಿ. ಮೊನ್ನೆ ಮಧ್ಯಾಹ್ನ ಮೋಡ ಎದ್ದಿತು. ಬಡಿದೆ ಅಕ್ಕಾ, ಅಳುತ್ತಲೇ ಬಡಿದೆ.

ಎಲ್ಲರೂ ಬಂದರು. ಟಾರ್ಪಾಲು ಹೊತ್ತು, ಏದುಸಿರು ಬಿಡುತ್ತ, ನೇರ ನಿನ್ನ ಕಣಕ್ಕೇ! ಅಲ್ಲಿ ಒಂದು ಕಾಳೂ ಇರಲಿಲ್ಲ. ದೇವಮ್ಮ ಟಾರ್ಪಾಲು ಬಿಚ್ಚಿ ಒಂದು ತುದಿ ನನ್ನ ಕೈಗೆ ಕೊಟ್ಟಳು. ಬರಿಯ ಕಣವನ್ನೇ ಮುಚ್ಚಿ, ಮೂಲೆಗಳಿಗೆ ಕಲ್ಲಿಟ್ಟು, ಆಮೇಲೆ ಕೆಳಗೆ ಓಡಿದೆವು.

ಊರಿನ ಕಾಫಿ ನೆನೆಯಲಿಲ್ಲ, ಗಂಗಕ್ಕಾ.

ನಿನ್ನ ಸರೋಜ