ಒಂಬತ್ತು ಹೆಸರುಗಳ ಮಂಗಳವಾರ

ಮಂಗಳೂರು, ಹಳೇ ಬಂದರು
ತೆಂಕಗಾಳಿ ತಿಂಗಳ ಮೂವತ್ತಾರನೆಯ ದಿನ, ೨೧೮೭

ನನಗಿಂತ ನೂರರವತ್ತು ವರ್ಷ ಹಿಂದೆ ಹಣ ವಿನಿಮಯದ ಕಿಟಕಿಯಲ್ಲಿ ಕುಳಿತಿರುವವರಿಗೆ ಲೋಲಾಕ್ಷಿ ಕರ್ಕೇರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳುಗಳು ಗಾಳಿಯನ್ನು ಅನುಸರಿಸುತ್ತವೆ. ಗಾಳಿ ತಿರುಗುವ ತನಕ ತಿಂಗಳು ಮುಗಿಯುವುದಿಲ್ಲ. ವಾರಗಳು ಮಾತ್ರ ನಿಮ್ಮವೇ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮ ಅಂಗಡಿಯ ಕಪಾಟಿನಲ್ಲಿ ಉಳಿದ ಹಳೆಯ ರಸೀದಿ ಮತ್ತು ಅರ್ಜಿಗಳಿಂದ. ಮಾತು ಎಲ್ಲಾದರೂ ಅರ್ಜಿಯಂತೆ ಕೇಳಿಸಿದರೆ ಕ್ಷಮಿಸಬೇಕು.

ಕಡಲು ಮೇಲೇರಿದ ಮೇಲೆ ನಮ್ಮ ಕರಾವಳಿಯ ಅರ್ಧ ಜನ ದುಡಿಯುವುದು ತೇಲೂರುಗಳಲ್ಲಿ. ತೇಲೂರೆಂದರೆ ನೀರಿನ ಮೇಲೆ ಕಟ್ಟಿದ ಊರು. ಅಲ್ಲಿ ಪಾಚಿ ಬೆಳೆಯುತ್ತಾರೆ, ಉಪ್ಪುನೀರನ್ನು ಕುಡಿಯುವ ನೀರು ಮಾಡುತ್ತಾರೆ. ಅಲ್ಲಿಯ ಸಂಬಳ 'ಅಲೆ' ಎಂಬ ನಾಣ್ಯದಲ್ಲಿ. ನೆಲದ ಮೇಲೆ ಈಗಲೂ ರೂಪಾಯಿಯೇ. ಅಲೆಯನ್ನು ರೂಪಾಯಿ ಮಾಡಿ ಜನರ ಮನೆಗಳಿಗೆ ಮುಟ್ಟಿಸುವುದು ನಮ್ಮ ಕೆಲಸ. ಕಿಟಕಿಯ ಮೇಲೆ 'ಹಾದಿಗಣ್ಣು' ಎಂಬ ಯಂತ್ರವಿದೆ. ಹಣ ಯಾರ ಯಾರ ಕೈ ದಾಟಿ ಬಂತೆಂದು ಓದಿ, ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ದೀಪ ತೋರಿಸುತ್ತದೆ. ಸಣ್ಣ ಮೊತ್ತಕ್ಕೆ ಮಾತ್ರ ಅದು ಓದದೆಯೇ ಹಸಿರು ಕೊಡುತ್ತದೆ. ಬಡವರು ಸಾಲಿನಲ್ಲಿ ಕಾಯಬಾರದೆಂದು ಹಾಗೆ ಮಾಡಿದ್ದಾರೆ. ಕಳ್ಳಹಣ ನುಸುಳುವುದೂ ಆ ಸಂದಿಯಿಂದಲೇ. ದೊಡ್ಡ ಗಂಟನ್ನು ಚೂರು ಚೂರು ಮಾಡಿ, ಬಡವರ ಕೈಯಲ್ಲಿ ಕೊಟ್ಟು, ಬೇರೆ ಬೇರೆ ಹೆಸರಿಗೆ ಕಳಿಸಿ, ಆಚೆ ದಡದಲ್ಲಿ ಮತ್ತೆ ಒಟ್ಟುಮಾಡುತ್ತಾರೆ. ನಿಮ್ಮಲ್ಲೂ ಹೀಗೆಯೇ ಇತ್ತೆಂದು ಕೇಳಿದ್ದೇನೆ.

ಸೆರಾಫಿನ್ ಬಾಯಿ ಬಂದರಿನ ಮೆಟ್ಟಿಲ ಬಳಿ ಸಾನ್ನ ಎಂಬ ಕಳ್ಳಿನ ಇಡ್ಲಿ ಬೇಯಿಸಿ ಮಾರುವವರು. ಅರುವತ್ತು ದಾಟಿದ ವಿಧವೆ. ನಾನು ದಿನಾ ಬೆಳಿಗ್ಗೆ ತಿನ್ನುವುದು ಅವರ ಸಾನ್ನವನ್ನೇ. ಒಂದು ಮಂಗಳವಾರ ಅವರು ಚೀಲದಲ್ಲಿ ಅಲೆ ತಂದು ಒಂಬತ್ತು ಹೆಸರುಗಳ ಚೀಟಿ ಕೊಟ್ಟರು. ಎಲ್ಲವೂ ಸಣ್ಣ ಮೊತ್ತ. ಒಂಬತ್ತು ಸಲ ಹಸಿರು ಬಂತು, ಕಳಿಸಿದೆ. ಮುಂದಿನ ಮಂಗಳವಾರ ಮತ್ತೆ ಬಂದರು. ಹೀಗೆ ಏಳು ವಾರ ನಡೆಯಿತು.

ಎಂಟನೆಯ ವಾರ ನನಗೆ ಒಂದು ಕುತೂಹಲ ಹುಟ್ಟಿತು. ಮನೆಗೆ ಹಣ ಕಳಿಸುವವರು ಕಿಟಕಿಯ ಮುಂದೆ ಬಾಯಿ ಮುಚ್ಚಿ ನಿಲ್ಲುವುದಿಲ್ಲ. ತಂಗಿಯ ಬಾಣಂತನ, ಮಾಡಿನ ಹಂಚು, ಅಪ್ಪನ ಕಣ್ಣಿನ ಪೊರೆ, ಎಲ್ಲವನ್ನೂ ಕೇಳದೆಯೇ ಹೇಳುತ್ತಾರೆ. ಬೀದಿಗೆಲ್ಲ ಕೇಳುವಷ್ಟು ಮಾತಾಡುವ ಈ ಬಾಯಿ ಮಾತ್ರ ಏಳು ವಾರ ಒಂದೂ ಮಾತಾಡಿರಲಿಲ್ಲ.

"ಇದು ಯಾರಿಗೆ, ಬಾಯಿ?" ಎಂದು ಕೇಳಿದೆ.

"ಅಣ್ಣನ ಮಗನಿಗೆ."

"ಮತ್ತೆ ಈ ಎರಡನೇದು?"

"ಅದೂ ಅಣ್ಣನ ಮಗನಿಗೇ."

"ನಿಮಗೆ ಅಣ್ಣ ಎಲ್ಲಿದ್ದಾರೆ? ಒಬ್ಬಳು ತಂಗಿ ಮಾತ್ರ ಅಲ್ವಾ ಇದ್ದದ್ದು?"

ಅವರ ಮುಖ ಬಾಡಿತು. "ನಿನಗೆ ಎಂತಕ್ಕೆ ಅದೆಲ್ಲ? ಹಸಿರು ಬಂತಲ್ಲ, ಕಳಿಸು ಮಾರಾಯ್ತಿ."

ಹಣ ಕಳಿಸುವ ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿ ಚೀಲ ಹಿಂದಕ್ಕೆ ಕೊಟ್ಟೆ. ಅಂಗಡಿಯ ಯಜಮಾನರಾದ ವಾಮನ ಪೈಗಳಿಗೆ ಸಿಟ್ಟು ಬಂತು. "ಯಂತ್ರಕ್ಕೇ ಇಲ್ಲದ ಸಂಶಯ ನಿನಗೆಂತದ್ದು? ಗಿರಾಕಿಗಳೆಲ್ಲ ಆಚೆ ಅಂಗಡಿಗೆ ಹೋದ್ರೆ ನಾವು ಬಾಗಿಲು ಹಾಕ್ಲಿಕ್ಕುಂಟು, ಅಷ್ಟೆ."

ಸಂಶಯ ಬಂದರೆ ಸರ್ಕಾರದ ತನಿಖಾ ಕಚೇರಿಗೆ ಬರೆಯಬೇಕು. ಬರೆದದ್ದನ್ನು ಗಿರಾಕಿಗೆ ತಿಳಿಸಬಾರದು. ತಿಳಿಸಿದರೆ ಹಿಂದಿರುವ ಕಳ್ಳ ಎಚ್ಚರಗೊಳ್ಳುತ್ತಾನೆ. ಇದು ನಮ್ಮ ಕಾನೂನು. ನಾನು ಅಂದೇ ಬರೆದೆ. ಮಾರನೆಯ ಬೆಳಿಗ್ಗೆ ಬಾಯಿ ಎಂದಿನಂತೆ ನನ್ನ ಎಲೆಗೆ ಸಾನ್ನ ಹಾಕಿ, ಮೇಲೆ ಒಂದು ಸೌಟು ಬಂಗುಡೆ ಮೀನಿನ ಸಾರು ಸುರಿದರು. ತಲೆಯೆತ್ತದೆ ತಿಂದೆ.

ಹತ್ತು ದಿನಗಳಲ್ಲಿ ಎಲ್ಲ ಹೊರಬಿತ್ತು. ಬಾಯಿಯ ಜಗಲಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದವನೊಬ್ಬ, ಓದು ಬಾರದ ಕೂಲಿಯವರ ಹಣವಿದು, ಕಳಿಸಿಕೊಟ್ಟರೆ ಪುಣ್ಯ ಎಂದು ಅವರನ್ನು ನಂಬಿಸಿದ್ದನಂತೆ. ಕೈಗೆ ಸ್ವಲ್ಪ ಹಣವನ್ನೂ ಇಡುತ್ತಿದ್ದನಂತೆ. ಆ ಹಣ ಬಂದದ್ದು ಜನರನ್ನು ಮಾರಿ. ಕೆಲಸದ ಆಸೆ ತೋರಿಸಿ ಕರೆದೊಯ್ದ ನಲವತ್ತೊಂದು ಮಂದಿಯನ್ನು ಒಂದು ಹಳೆಯ ತೇಲೂರಿನಲ್ಲಿ ಕೂಡಿಹಾಕಿ ದುಡಿಸುತ್ತಿದ್ದರು. ಒಂಬತ್ತು ಹೆಸರುಗಳ ಜಾಡು ಹಿಡಿದು ಹೋದವರು ಅವರನ್ನು ಬಿಡಿಸಿ ತಂದರು.

ಬಾಯಿಯನ್ನು ಸೆರೆಗೆ ಹಾಕಲಿಲ್ಲ, ಆದರೆ 'ಹೆಸರು ಮುಚ್ಚಿದರು.' ಹೆಸರು ಮುಚ್ಚಿದವರು ಯಾವ ಕಿಟಕಿಯಲ್ಲೂ, ಯಾವ ಅಂಗಡಿಯಲ್ಲೂ ಹಣ ಕೊಡುವಂತಿಲ್ಲ, ಪಡೆಯುವಂತಿಲ್ಲ. ಹನ್ನೊಂದು ತಿಂಗಳು ಅವರು ಸಾನ್ನ ಕೊಟ್ಟು ಅಕ್ಕಿ ತಂದರು, ಸಾನ್ನ ಕೊಟ್ಟು ಸೌದೆ ತಂದರು.

ಬಿಡುಗಡೆಯಾದವರಲ್ಲಿ ಉಮರಬ್ಬ ಎಂಬವನು ಕಳೆದ ಗಾಳಿಯ ತಿಂಗಳಲ್ಲಿ ನನ್ನ ಕಿಟಕಿಗೆ ಬಂದ. ಹೊಸ ಕೆಲಸದ ಮೊದಲ ಸಂಬಳವನ್ನು ಮನೆಗೆ ಕಳಿಸಬೇಕಿತ್ತು. ತಾಯಿಯ ಮಂಡಿನೋವು, ಅದಕ್ಕೆ ಹಚ್ಚುವ ಎಣ್ಣೆ, ಆ ಎಣ್ಣೆಯ ವಾಸನೆಗೆ ಓಡಿಹೋಗುವ ಬೆಕ್ಕು, ಎಲ್ಲವನ್ನೂ ಹೇಳಿದ. ಹಿಂದಿನ ಸಾಲು ಗೊಣಗಿತು. ನಾನು ಪೂರ್ತಿ ಕೇಳಿದೆ. ಮೊದಲ ಏಳು ಮಂಗಳವಾರಗಳಲ್ಲಿ ನಾನು ಏನೂ ಕೇಳದೆ ಕಳಿಸಿದ್ದಾಗ ಇವನು ಅಲ್ಲಿ ಕತ್ತಲಲ್ಲಿ ಪಾಚಿ ಕೊಯ್ಯುತ್ತಿದ್ದ.

ಹೆಸರು ತೆರೆದ ದಿನ ಬಾಯಿಯೂ ಬಂದರು. ಬೈಯಲಿಲ್ಲ. "ಅವತ್ತೇ ನನ್ನ ಕಿವಿಯಲ್ಲಿ ಒಂದು ಮಾತು ಹೇಳ್ಬಹುದಿತ್ತಲ್ಲ, ಲೋಲು?" ಎಂದರು. ಹೇಳಿದ್ದರೆ ಬಾಡಿಗೆಯವನು ಓಡುತ್ತಿದ್ದ, ನಲವತ್ತೊಂದು ಮಂದಿ ಸಿಗುತ್ತಿರಲಿಲ್ಲ. ಈ ಉತ್ತರ ನನಗೆ ಗೊತ್ತಿತ್ತು. ಆದರೂ ಅವರ ಮುಖ ನೋಡಿ ಹೇಳಲಾಗಲಿಲ್ಲ.

ಗಿರಾಕಿಗೆ ತಿಳಿಸಬಾರದೆಂದು ನಿಮ್ಮ ಕಾಲದ ಕಾನೂನೂ ಹೇಳುತ್ತಿತ್ತಂತೆ. ಹಾಗಾದರೆ ನಿಮ್ಮ ಕಿಟಕಿಗೂ ಇಂಥವರು ಬಂದಿರಬೇಕು. ನೀವು ದಿನಾ ನೋಡುವವರು, ನಿಮ್ಮನ್ನು ನಂಬಿದವರು. ಆಮೇಲೆ ಅವರಿಗೆ ನೀವು ಏನು ಹೇಳಿದಿರಿ? ನನಗೆ ತಿಳಿಯಬೇಕು. ದಯವಿಟ್ಟು ಉತ್ತರ ಬರೆದಿಡಿ. ಗಟ್ಟಿ ಕಾಗದದ ಮೇಲೆ ಬರೆಯಿರಿ. ಅದು ನನ್ನವರೆಗೆ ಬರಲು ಬಹಳ ಕಾಲ ಹಿಡಿಯುತ್ತದೆ.

ನಿಮ್ಮ
ಲೋಲಾಕ್ಷಿ