ಚಾಲು ಅಂದರೆ ಸಾಕು

ನರೇಂದ್ರ,

ಈ ಫೆಬ್ರವರಿ ಹದಿನಾರರ ಸಂಜೆ, ಕಲ್ಯಾಣದುರ್ಗದ ವೇದಿಕೆಯಲ್ಲಿ ನೀನು ನರಸಕ್ಕನ ಅಳುವನ್ನು ಕುಣಿತದ ತಾಳ ಮಾಡಿದೆ. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ.

ಹಿಂದೂಪುರದಲ್ಲಿ ನಿನ್ನ ಕಂಪ್ಯೂಟರ್ ಸಂಗೀತವನ್ನು ಮಿಕ್ಸಿ ಸದ್ದು ಎಂದು ನಕ್ಕವರ ಜೊತೆ ಜಗಳವಾಡಿದವನು ನಾನು. ಹಾರ್ಮೋನಿಯಂ ಬಂದಾಗಲೂ ಹೀಗೇ ಬೈದಿದ್ದರು ಎಂದು ವಾದಿಸಿದ್ದೆ. ಆಗ ನೀನೇ ಹೇಳಿದ್ದೆ: “ಹಾಡು ಗಟ್ಟಿ ಇರ್ಬೇಕು ಕಣಣ್ಣ. ಇಲ್ದಿದ್ರೆ ಮಿಷನ್ನು ಬರೀ ಕರೆಂಟು.” ಅದನ್ನು ನಂಬಿಯೇ ಹೋದ ವರ್ಷ ನಿನ್ನನ್ನು ಪರಿಗಿಗೆ, ನರಸಕ್ಕನ ಮನೆಗೆ, ಆಕೆಯ ಹಾಡು ರೆಕಾರ್ಡು ಮಾಡಲು ಕರೆದೊಯ್ದೆ.

ಹುಣಸೆ ಬಿಡಿಸುತ್ತಾ ಆಕೆ ಕಟ್ಟಿದ ಹಾಡು ಅದು. ಮಗಳು ಶಿರೀಷಾ ತೀರಿಕೊಂಡಾಗ ಆರು ವರ್ಷ. ಅವಳು ಬದುಕಿದ ವರ್ಷಕ್ಕೊಂದರಂತೆ ಆರು ನುಡಿ ಕಟ್ಟಿ, ಆಮೇಲೆ ಪ್ರತಿ ಹುಣಸೆ ಸುಗ್ಗಿಗೆ ಇನ್ನೊಂದು ಸೇರಿಸುತ್ತಾ, ಹಾಡಿನೊಳಗೆ ಅವಳನ್ನು ಹನ್ನೊಂದಕ್ಕೆ ಬೆಳೆಸಿದ್ದಳು. ಏಳರಲ್ಲಿ ಹೊಸ ಹಲ್ಲು, ಒಂಬತ್ತರಲ್ಲಿ ಸೈಕಲ್ಲು. ಅವತ್ತು ಆರನೆಯ ನುಡಿಯಲ್ಲಿ ಅಳು ಬಂದು, ಮೈಕಿಗೆ ಕೈ ಅಡ್ಡ ಇಟ್ಟು, “ಚಾಲು ಸಾಮಿ, ಚಾಲು” ಎಂದಳು. ಆಡಿದ್ದು ತೆಲುಗು: ಸಾಕು, ನಿಲ್ಲಿಸು. ತೆಲುಗು ಶಾಲೆಯಲ್ಲಿ ಓದಿದ ನೀನು ರೆಕಾರ್ಡು ನಿಲ್ಲಿಸಲಿಲ್ಲ. ನೀರು ಕುಡಿದು ಆಕೆ ಉಳಿದ ಐದು ನುಡಿ ಹಾಡಿದಾಗ ನಿನ್ನ ಕಣ್ಣೂ ತುಂಬಿತ್ತು. ನೋಡಿದ್ದೇನೆ.

ಕಲ್ಯಾಣದುರ್ಗದಲ್ಲಿ ಆ ಹನ್ನೊಂದರಲ್ಲಿ ಒಂದು ನುಡಿಯೂ ಇರಲಿಲ್ಲ. “ಚಾಲು” ಒಂದೇ. ಕತ್ತರಿಸಿ, ಹಿಗ್ಗಿಸಿ, ನೂರು ಸಲ. ಕನ್ನಡದಲ್ಲಿ ಮೋಟಾರ್ ಚಾಲು ಮಾಡು ಅಂತೀವಲ್ಲ, ಅದೇ ಇದು ಎಂದು ನೀನು ಜನಕ್ಕೆ ಹೇಳಿದೆ. ಅವರು ಕುಣಿದರು. ಇಳಿದು ಬಂದ ಮೇಲೆ ನಾನು ಕೇಳಿದ್ದಕ್ಕೆ ನಿನ್ನ ಉತ್ತರ: “ಹಾಡು ಯಾರು ಬೇಕಾದ್ರೂ ಕಟ್ತಾರೆ ಬುಡಣ್ಣ. ಸೌಂಡು ಹೊಸದಾಗಿರ್ಬೇಕು. ಒಂದೇ ಮಾತು, ಎರಡು ಭಾಷೆ, ಎರಡು ಅರ್ಥ. ಯಾರಾದ್ರೂ ಮಾಡವ್ರಾ?”

ಯಾರೂ ಮಾಡಿಲ್ಲ ನರೇಂದ್ರ. ಹೊಸದೇ. ಸಾಕು ಎಂದವಳ ಬಾಯಿಂದ ಶುರು ಎನ್ನಿಸಿದ್ದು ನಿಜಕ್ಕೂ ಹೊಸದು.

ಹೋದ ವಾರ ನರಸಕ್ಕ ಬಸ್ಸಿನಲ್ಲಿ ಯಾರದೋ ಫೋನಿನಿಂದ ತನ್ನ ದನಿ ಕೇಳಿ, ಅರ್ಧ ದಾರಿಯಲ್ಲೇ ಇಳಿದುಬಿಟ್ಟಳಂತೆ. ನನ್ನ ಹತ್ತಿರ ಬಂದಾಗ ನಿನ್ನನ್ನು ಬೈಯಲಿಲ್ಲ. “ನಾನು ಸಾಕು ಅಂದಿದ್ದು ಆ ಯಪ್ಪಂಗೆ ಕೇಳಿಸ್ನಿಲ್ವೇನಣ್ಣ?” ಎಂದಳು. ಈ ಸುಗ್ಗಿ ಮುಗಿಯುತ್ತಾ ಬಂತು, ಹನ್ನೆರಡನೆಯ ನುಡಿ ಹುಟ್ಟಿಲ್ಲ. ಬಾಯಿ ತೆಗೆದರೆ ಆ ಫೋನಿನ ಸದ್ದೇ ಬರುತ್ತದಂತೆ. ಮಗು ಹನ್ನೊಂದಕ್ಕೇ ನಿಂತಿದೆ.

ಫೋನು ಮಾಡಬೇಡ. ಯಾರಿಗೂ ಕೇಳಿಸದ ಕ್ಷಮೆ ನನಗೆ ಬೇಡ, ಆಕೆಗೂ ಬೇಡ. ಜನರ ಎದುರು ಮಾಡಿದ್ದಕ್ಕೆ ಜನರ ಎದುರೇ ಉತ್ತರ ಕೊಡು. ಅದೇ ಕಲ್ಯಾಣದುರ್ಗದಲ್ಲಿ, ಅದೇ ಮೈಕು ಹಿಡಿದು, ಎರಡೂ ಭಾಷೆಯಲ್ಲಿ ಹೇಳು: ಆ ತಾಯಿ ಸಾಕು ಎಂದದ್ದು ನಿನಗೆ ಕೇಳಿಸಿತ್ತೋ, ಇಲ್ಲವೋ?

ನಿನ್ನ ಕಿವಿ ಇನ್ನೂ ಬಹುಕಾಲ ಚೆನ್ನಾಗಿರಲಿ ಎಂದು ಇವತ್ತಿಗೂ ಹಾರೈಸುವ,
ರೇಣುಕಾಪ್ರಸಾದ್
ಹಿಂದೂಪುರ